ಭಾರದ ಮೊನೆ, ಮೆದು ಕಡ್ಡಿ: ಕಾಸರಗೋಡಿನ ಒಂದು ಬಿಲ್ಲಿನ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆ ನಡೆದದ್ದು. ಬಿಲ್ಲು ಹಿಡಿದ ಹುಡುಗಿಯನ್ನು ಸುಮ ಎಂದು ಕರೆಯೋಣ, ಅದು ಅವಳ ನಿಜ ಹೆಸರಲ್ಲ. ಅವಳಿಗೆ ಕಲಿಸುವವರನ್ನು ಊರಿನವರು ಕರೆಯುವ ಹಾಗೆ ಮಾಷ್ಟ್ರು ಎಂದಷ್ಟೇ ಹೇಳುತ್ತೇನೆ. ಇಬ್ಬರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಸಾಂಪ್ರದಾಯಿಕ ಬಿಲ್ಲಿನ ಬಾಣಕ್ಕೆ ಭಾರದ ಮೊನೆ ಹಾಕಲು ಹೊರಟ ಯಾರಿಗಾದರೂ ಇದೇ ತೊಂದರೆ ಬರಬಹುದು. ಆಗ ಕಾರಣವನ್ನು ತಪ್ಪು ಜಾಗದಲ್ಲಿ ಹುಡುಕಿದರೆ, ಚೆನ್ನಾಗಿ ಬಿಡುತ್ತಿದ್ದವರ ಕೈಯೇ ಕೆಟ್ಟುಹೋಗುತ್ತದೆ. ಅದಕ್ಕೇ ಇಷ್ಟು ವಿವರ.

ಹಿನ್ನೆಲೆ

ಸುಮ ಕಾಲೇಜಿಗೆ ಹೋಗುವವಳು. ಬಲಗೈಯಲ್ಲಿ ಹೆದೆ ಎಳೆಯುತ್ತಾಳೆ. ಮನೆಯ ಹಿಂದೆ ಅಡಿಕೆ ತೋಟದ ಎರಡು ಸಾಲುಗಳ ನಡುವೆ ಅಭ್ಯಾಸ. ಗುರಿಗೆ ಹಳೆ ಬಟ್ಟೆ ತುಂಬಿದ ಗೋಣಿಚೀಲಗಳು, ಅದರ ಹಿಂದೆ ಮಣ್ಣಿನ ದಿಬ್ಬ. ದಿಬ್ಬ ಇರುವುದು ಒಳ್ಳೆಯದೇ ಆಯಿತು. ನಮ್ಮ ಕಡೆಯ ಮುರಕಲ್ಲಿನ ಗೋಡೆಗೆ ಬಡಿದರೆ ಬಾಣ ಉಳಿಯುವುದಿಲ್ಲ.

ಬಿಲ್ಲು 62 ಇಂಚಿನದು, ಮರದ ಹಿಡಿಯ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), ಬಿಚ್ಚಿ ಜೋಡಿಸುವಂಥದ್ದು. 28 ಇಂಚು ಎಳೆದಾಗ 35 ಪೌಂಡ್ ಎಂದು ಲಿಂಬಿನ, ಅಂದರೆ ಬಿಲ್ಲಿನ ಬಾಗುವ ತೋಳಿನ ಮೇಲೆ ಬರೆದಿದೆ. ಗುರಿ ನೋಡುವ ಸೈಟ್ ಇಲ್ಲ, ಅಲುಗಾಟ ತಡೆಯುವ ಸ್ಟೆಬಿಲೈಸರ್ ಇಲ್ಲ. ಬಾಣ ಹಿಡಿಯ ಮೇಲಿನ ಶೆಲ್ಫಿನಲ್ಲೇ ಕೂರುತ್ತದೆ. ಹೆದೆ ಡ್ಯಾಕ್ರಾನ್ ನೂಲಿನದು. ಬಾಣಗಳು ಕಾರ್ಬನ್, 600 ಸ್ಪೈನ್ (ಬಾಣದ ಕಡ್ಡಿ ಎಷ್ಟು ಬಾಗುತ್ತದೆ ಎನ್ನುವ ಅಳತೆ), 30 ಇಂಚಿಗೆ ಕತ್ತರಿಸಿದ್ದು, ತುದಿಯಲ್ಲಿ 100 ಗ್ರೇನಿನ ಮೊನೆ. 100 ಗ್ರೇನ್ ಅಂದರೆ ಸುಮಾರು ಆರೂವರೆ ಗ್ರಾಂ. ಈ ಜೋಡಿ ಅವಳ ಕೈಗೆ ಚೆನ್ನಾಗಿ ಹೊಂದಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಲ್ಲರೂ ಮರೆತದ್ದು ಇದನ್ನೇ.

ಸರಿಯಾಗಿ ಹೋಗುತ್ತಿದ್ದ ಬಾಣವನ್ನು ಬದಲಾಯಿಸಬೇಕು ಅಂತ ಯಾಕೆ ಅನ್ನಿಸಿತು? ಕಾರಣ ಇತ್ತು. ಸುಮ ಬಾಣದ ಮೊನೆಯನ್ನೇ ನೋಡಿ ಗುರಿ ಹಿಡಿಯುವವಳು. ಹಗುರ ಬಾಣ ಬೇಗ ಹೋಗುತ್ತದೆ, ದಾರಿಯಲ್ಲಿ ಕಡಿಮೆ ಇಳಿಯುತ್ತದೆ. ಹಾಗಾಗಿ 20 ಮೀಟರಿನಲ್ಲಿ ಮೊನೆಯನ್ನು ಗುರಿಯ ತುಂಬ ಕೆಳಗೆ, ಬರೀ ನೆಲದ ಮೇಲೆ ಹಿಡಿಯಬೇಕಾಗುತ್ತಿತ್ತು. ಅಲ್ಲಿ ಕಣ್ಣಿಗೆ ನಿಲ್ಲಲು ಏನೂ ಇಲ್ಲ. ಬಾಣ ಭಾರವಾದರೆ ನಿಧಾನವಾಗುತ್ತದೆ, ಜಾಸ್ತಿ ಇಳಿಯುತ್ತದೆ, ಮೊನೆ ಗುರಿಯ ಹತ್ತಿರ ಬರುತ್ತದೆ. ತೂಕವನ್ನು ಮುಂದೆಯೇ ಹಾಕಿದರೆ ಹಿಂದಿನ ಗರಿಗೆ ಬಾಣವನ್ನು ನೇರ ಮಾಡುವುದೂ ಸುಲಭ. ಯೋಚನೆ ಸರಿಯಾಗಿಯೇ ಇತ್ತು. ಅವಳು ಹಳೆ ಮೊನೆ ಬಿಚ್ಚಿ 200 ಗ್ರೇನಿನ ಮೊನೆ ತಿರುಗಿಸಿ ಹಾಕಿದಳು. ಕಡ್ಡಿ ಅದೇ 600.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಭಾರದ ಮೊನೆಯ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹೊರದೇಶದ ಬೇಟೆಗಾರರು ಬರೆದವು. ಪ್ರಾಣಿಯ ಮೈಯಲ್ಲಿ ಬಾಣ ಎಷ್ಟು ಆಳ ಹೋಗಬೇಕು ಎನ್ನುವುದೇ ಅವರ ಲೆಕ್ಕ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ನಾವು ಬಿಡುವುದು ಗೋಣಿಚೀಲಕ್ಕೆ, ಸ್ಪರ್ಧೆಯ ಗುರಿಗೆ. ಹಾಗಿರುವಾಗ ಅವರ 250, 300 ಗ್ರೇನಿನ ಲೆಕ್ಕವನ್ನು ಸುಮ್ನೆ ತಂದು ಹಾಕಿಕೊಳ್ಳಬೇಕಾಗಿಲ್ಲ. ಮೊನೆ ಎಷ್ಟು ಭಾರ ಎನ್ನುವ ಮೊದಲು ಯಾಕೆ ಭಾರ ಎಂದು ಕೇಳಿಕೊಳ್ಳಬೇಕು. ಸುಮಳ ಬಳಿ ಅದಕ್ಕೆ ಉತ್ತರ ಇತ್ತು. ಕೊನೆಯ ತೀರ್ಮಾನಕ್ಕೆ ಬಂದದ್ದೂ ಆ ಉತ್ತರದಿಂದಲೇ.

ಸಮಸ್ಯೆ

ಹೊಸ ಮೊನೆ ಹಾಕಿದ ದಿನದಿಂದ ಬಾಣಗಳು ಬಲಕ್ಕೆ ಬೀಳತೊಡಗಿದವು. ಹಾರುವಾಗ ಬಾಲ ಬಡಿದುಕೊಳ್ಳುತ್ತಿತ್ತು. ಚೀಲಕ್ಕೆ ಚುಚ್ಚಿ ನಿಂತಾಗ ಹಿಂಭಾಗ ಎಡಕ್ಕೆ ವಾಲಿರುತ್ತಿತ್ತು.

ಮಾಷ್ಟ್ರು ನೋಡಿದರು. "ನೋಡು ಮಗಾ, ಬಿಡುವಾಗ ಬೆರಳು ಆಚೆ ಎಳೆಯುತ್ತಾ ಇದ್ದೀಯಾ," ಎಂದರು. ಅನುಭವಿಗಳಿಗೆ ಮೊದಲು ಹೊಳೆಯುವುದು ಅದೇ, ಯಾಕೆಂದರೆ ಬೆರಳಿನ ತಪ್ಪಿಗೂ ಬಾಣ ಹೀಗೇ ಬಡಿದುಕೊಳ್ಳುತ್ತದೆ. ಸುಮ ಬೆರಳು ಬಿಡುವುದನ್ನು ತಿದ್ದತೊಡಗಿದಳು. ತಿದ್ದಿದಷ್ಟೂ ಕೈ ಬಿಗಿಯಾಯಿತು. "ಮಾಷ್ಟ್ರೇ, ನನಗಿದು ಆಗುವುದಿಲ್ಲವೋ ಏನೋ," ಎಂದು ಹೇಳುವಲ್ಲಿಗೆ ಬಂತು.

ಕಡ್ಡಿಯೊಳಗೆ ಏನಾಗುತ್ತಿತ್ತು ಎಂದರೆ, ಹೆದೆ ಬಾಣವನ್ನು ಹಿಂದಿನಿಂದ ತಳ್ಳುತ್ತದೆ. ಮುಂದಿನ ತೂಕ ಇದ್ದಲ್ಲೇ ಇರಲು ನೋಡುತ್ತದೆ. ಎರಡರ ನಡುವೆ ಸಿಕ್ಕಿದ ಕಡ್ಡಿ ಬಾಗಲೇಬೇಕು. ಬೆರಳಿನಿಂದ ಬಿಟ್ಟ ಬಾಣ ಮೊದಲು ಬಿಲ್ಲಿನ ಕಡೆಗೆ ಬಾಗಿ, ಆಮೇಲೆ ಆಚೆಗೆ ಬಾಗಿ, ಹಿಡಿಯನ್ನು ಸುತ್ತಿಕೊಂಡು ಹಾವು ಹರಿದ ಹಾಗೆ ದಾಟಿ ಹೋಗುತ್ತದೆ. ಆ ಬಾಗು ಸರಿಯಾದ ಹೊತ್ತಿಗೆ, ಸರಿಯಾದಷ್ಟು ಆದರೆ ಬಾಲ ಬಿಲ್ಲಿಗೆ ತಾಗುವುದಿಲ್ಲ. ಮೊನೆಯ ತೂಕ ಏರಿದರೆ ಅದೇ ಕಡ್ಡಿ ಜಾಸ್ತಿ ಬಾಗುತ್ತದೆ, ಅಂದರೆ ಮೆದು ಕಡ್ಡಿಯ ಹಾಗೆ ನಡೆದುಕೊಳ್ಳುತ್ತದೆ. ಕಡ್ಡಿ ಉದ್ದವಾದರೂ, ಬಿಲ್ಲಿನ ಎಳೆತ ಏರಿದರೂ ಹೀಗೆಯೇ. ಅಂಗಡಿಯವರು ಕಡ್ಡಿಯ ಮೇಲೆ ಬರೆದ ಸಂಖ್ಯೆ ಬದಲಾಗುವುದಿಲ್ಲ, ಬಿಲ್ಲಿನಲ್ಲಿ ಅದು ನಡೆದುಕೊಳ್ಳುವ ರೀತಿ ಬದಲಾಗುತ್ತದೆ.

ಮೊದಲು ಮಾಡಿದ್ದು

ಬಾಲ ಬಡಿಯುವುದನ್ನು ನಿಲ್ಲಿಸಲು 4 ಇಂಚಿನ ಗರಿ ತೆಗೆದು 5 ಇಂಚಿನ ಗರಿ ಅಂಟಿಸಿದರು. ತಕ್ಷಣ ಸುಧಾರಿಸಿತು. ಬಾಣಗಳು ಇನ್ನೂ ಸ್ವಲ್ಪ ಬಲಕ್ಕೇ ಹೋಗುತ್ತಿದ್ದರೂ ಹಾರಾಟ ನೋಡಲು ಚೆನ್ನಾಗಿತ್ತು. ಎಲ್ಲರೂ ಸಮಾಧಾನಪಟ್ಟುಕೊಂಡರು.

ಆಮೇಲೆ ಆಟಿಯ ಮಳೆ ಹಿಡಿಯಿತು. ಹಕ್ಕಿಯ ಗರಿ ನೆನೆದರೆ ಕಡ್ಡಿಗೆ ಅಂಟಿಕೊಂಡು ಮಲಗುತ್ತದೆ. ಮಳೆ ಬಿಟ್ಟ ಸಂಜೆಗಳಲ್ಲಿ, ತೊಟ್ಟಿಕ್ಕುವ ತೋಟದಲ್ಲಿ ಬಿಟ್ಟಾಗ ಬಾಲ ಮತ್ತೆ ಮೊದಲಿನ ಹಾಗೆಯೇ ಬಡಿಯಿತು. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡ ಮೊದಲ ತಿರುವು ಇದು. ದೊಡ್ಡ ಗರಿ ತಪ್ಪನ್ನು ಸರಿ ಮಾಡಿರಲಿಲ್ಲ, ಹಾರಾಟದ ಉದ್ದಕ್ಕೂ ಎಳೆದು ಎಳೆದು ಮುಚ್ಚಿಟ್ಟಿತ್ತು. ಮಳೆ ಬಂದು ಅದನ್ನು ತೋರಿಸಿತು.

ಈಗ ಕಡ್ಡಿಯ ಮೇಲೆ ಅನುಮಾನ ಬಂತು. ಯಾರೋ ಹಿರಿಯ ಬಿಲ್ಲುಗಾರರು "ಭಾರದ ಮೊನೆಗೆ 400 ಸ್ಪೈನೇ ಬೇಕು" ಎಂದರು. 600 ಮೆದುವಾಗಿದೆ ಎನ್ನುವುದು ಸರಿಯಾಗಿತ್ತು. ಆದರೆ 500 ಬಿಟ್ಟು ನೇರ 400ಕ್ಕೆ ಹಾರಿದರು. ಕಡ್ಡಿ ತರಿಸಿ, ಬಂದ ಕೂಡಲೇ ಎಲ್ಲವನ್ನೂ 30 ಇಂಚಿಗೆ ಕತ್ತರಿಸಿದರು. ಸಣ್ಣ ಸಂಖ್ಯೆ ಅಂದರೆ ಗಟ್ಟಿ ಕಡ್ಡಿ. ಹೊಸಬರಿಗೆ ಇದು ಉಲ್ಟಾ ಅನ್ನಿಸುತ್ತದೆ, ಅಲ್ವಾ? ಸಂಖ್ಯೆ ಹೇಳುವುದು ಕಡ್ಡಿ ಎಷ್ಟು ಬಾಗಿತು ಎಂದು. ಹಾಗಾಗಿ ಸಂಖ್ಯೆ ಸಣ್ಣದಾದಷ್ಟು ಬಾಗು ಕಡಿಮೆ.

400ರ ಕಡ್ಡಿಗೆ 200 ಗ್ರೇನಿನ ಮೊನೆ ಹಾಕಿ ಬಿಟ್ಟಾಗ ಎಲ್ಲರೂ ಗೊಂದಲಕ್ಕೆ ಬಿದ್ದರು. ಬಾಣ ಮತ್ತೆ ಬಲಕ್ಕೆ. ಬಾಲ ಮತ್ತೆ ಎಡಕ್ಕೆ. ಜೊತೆಗೆ ಬಿಲ್ಲಿನ ಹತ್ತಿರ 'ಟಕ್' ಎನ್ನುವ ಸದ್ದು. ಅದೇ ಬಿಲ್ಲಿನಲ್ಲಿ ಅದೇ ಬಾಣವನ್ನು ಮಾಷ್ಟ್ರು ಬಿಟ್ಟರೆ ಮಾತ್ರ ನೇರ ಹೋಗುತ್ತಿತ್ತು! ಅಲ್ಲಿಗೆ ಎರಡು ತೀರ್ಮಾನ ಆಯಿತು. ಒಂದು, ತಪ್ಪು ಸುಮಳ ಕೈಯದೇ. ಎರಡು, 400 ಕೂಡ ಮೆದುವೇ, ಇನ್ನೂ ಗಟ್ಟಿ 340 ತರಿಸಬೇಕು. ಎರಡೂ ತಪ್ಪಾಗಿದ್ದವು. ನನ್ನನ್ನು ಕರೆದದ್ದು ಈ ಹಂತದಲ್ಲಿ.

ಅಳತೆ

ಹೊಸ ಕಡ್ಡಿ ತರಿಸುವ ಮೊದಲು ಇರುವುದನ್ನು ಅಳೆಯೋಣ ಎಂದೆ. ಅಡಿಕೆ ಮೂಟೆ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಯನ್ನು ಸುಮಳ ಅಪ್ಪ ತಂದುಕೊಟ್ಟರು. ಮೊದಲು ಇಬ್ಬರೂ ತಮ್ಮ ತಮ್ಮ ಪೂರ್ತಿ ಎಳೆತಕ್ಕೆ ಹೋಗಲಿ, ಬಾಣದ ಮೇಲೆ ಗುರುತು ಹಾಕೋಣ, ಆಮೇಲೆ ಹೆದೆಯನ್ನು ಆ ಗುರುತಿನವರೆಗೆ ಕೊಕ್ಕೆಯಲ್ಲಿ ಎಳೆಯೋಣ. ಸುಮ ಎಳೆಯುವುದು 27 ಇಂಚು, ಅಲ್ಲಿ ತಕ್ಕಡಿ ತೋರಿಸಿದ್ದು 15 ಕಿಲೋ, ಅಂದರೆ 33 ಪೌಂಡ್. ಮಾಷ್ಟ್ರ ಕೈ ಉದ್ದ. ಅವರ 29 ಇಂಚು ದಾಟಿದ ಎಳೆತದಲ್ಲಿ ಹದಿನೇಳೂವರೆ ಕಿಲೋ, 38 ಪೌಂಡಿಗೂ ಸ್ವಲ್ಪ ಮೇಲೆ.

ಬಿಲ್ಲು ಒಂದೇ ಆದರೂ ಕಡ್ಡಿಯ ಲೆಕ್ಕದಲ್ಲಿ ಅವು ಎರಡು ಬಿಲ್ಲು. 400 ಕಡ್ಡಿ ಮಾಷ್ಟ್ರ ತಳ್ಳಿಗೆ ಬಾಗುತ್ತಿತ್ತು, ಸುಮಳ ತಳ್ಳಿಗೆ ಬಾಗುತ್ತಿರಲಿಲ್ಲ. ಬೇರೆಯವರ ಕೈಯಲ್ಲಿ ಬಾಣ ನೇರ ಹೋಯಿತು ಎನ್ನುವುದು ನಮ್ಮ ಕೈ ತಪ್ಪು ಎನ್ನುವುದಕ್ಕೆ ಸಾಕ್ಷಿ ಅಲ್ಲ. ಇದನ್ನು ಕೇಳಿದಾಗ ಸುಮಳ ಮುಖದಲ್ಲಿ ಕಂಡ ನಿರಾಳ ನನಗೆ ತುಂಬ ಸಂತೋಷ ಕೊಟ್ಟಿತು.

ಕಡ್ಡಿಯ ಬಾಗನ್ನೂ ಅಳೆದೆವು. ಕಾರ್ಬನ್ ಕಡ್ಡಿಗೆ ನಿಯಮ ಸರಳ. 28 ಇಂಚು (71.1 ಸೆಂ.ಮೀ.) ದೂರದ ಎರಡು ಆಸರೆಗಳ ಮೇಲೆ ಕಡ್ಡಿ ಇಟ್ಟು, ನಡುವೆ 880 ಗ್ರಾಂ ತೂಗುಹಾಕಬೇಕು. ಕಡ್ಡಿ ಎಷ್ಟು ಇಂಚು ಕೆಳಗೆ ಬಾಗಿತೋ ಅದನ್ನು ಸಾವಿರದಿಂದ ಗುಣಿಸಿದರೆ ಸ್ಪೈನ್ ಸಂಖ್ಯೆ. ಅರ್ಧ ಇಂಚು, ಅಂದರೆ 12.7 ಮಿ.ಮೀ. ಬಾಗಿದರೆ 500. 15.2 ಮಿ.ಮೀ. ಆದರೆ 600, 10.2 ಆದರೆ 400. ಒಂದು ಹಲಗೆ, ಎರಡು ಆಸರೆ, ನೀರು ತುಂಬಿ ಅಡುಗೆಮನೆಯ ತಕ್ಕಡಿಯಲ್ಲಿ 880 ಗ್ರಾಂ ಮಾಡಿದ ಬಾಟಲಿ, ಒಂದು ಸ್ಕೇಲ್ ಸಾಕು. ಎರಡೂ ಜೊತೆ ಕಡ್ಡಿಗಳ ಮೇಲಿನ ಸಂಖ್ಯೆ ಸರಿಯಾಗಿಯೇ ಇತ್ತು.

ಬಿದಿರು, ಮರದ ಬಾಣ ಮಾಡುವವರಿಗೆ ಹಳೆಯ ಅಳತೆ ಬೇರೆ. ಆಸರೆಗಳ ದೂರ 26 ಇಂಚು, ತೂಕ 2 ಪೌಂಡ್. 26ನ್ನು ಬಾಗಿದ ಇಂಚಿನಿಂದ ಭಾಗಿಸಿದರೆ ಸ್ಪೈನ್ ಪೌಂಡಿನಲ್ಲಿ ಸಿಗುತ್ತದೆ. 0.52 ಇಂಚು ಬಾಗಿದ ಕಡ್ಡಿ 50 ಪೌಂಡಿನದು. ಎರಡು ಅಳತೆಗಳನ್ನು ಬೆರೆಸಿದರೆ ಎಲ್ಲಾ ತಲೆಕೆಳಗಾಗುತ್ತದೆ. ಮಾಷ್ಟ್ರ ಬಳಿ ಇದ್ದ ಬಿದಿರಿನ ಬಾಣಗಳನ್ನೂ ಅಳೆದೆವು. ಕಣ್ಣಿಗೆ ಒಂದೇ ಹಾಗೆ ಕಂಡ ಕಡ್ಡಿಗಳಲ್ಲಿ ತುಂಬ ವ್ಯತ್ಯಾಸ ಇತ್ತು. ಬಿದಿರಿಗೆ ಭಾರದ ಮೊನೆ ಹಾಕುವವರು ಮೊದಲು ಹೀಗೆ ಅಳೆದು, ಒಂದೇ ಬಾಗಿನವನ್ನು ಒಟ್ಟಿಗೆ ಆರಿಸಿಕೊಳ್ಳದೆ ಮುಂದೆ ಹೋಗಬಾರದು ಎಂದೇ ನನ್ನ ಅಭಿಪ್ರಾಯ.

ಬೋಳು ಬಾಣ ಮತ್ತು ಪೌಡರ್

ಗರಿ ಹಚ್ಚಿದ ಬಾಣ ನಿಜ ಹೇಳುವುದಿಲ್ಲ. ಗರಿ ಇಲ್ಲದ ಬೋಳು ಬಾಣ ಹೇಳುತ್ತದೆ. ಅದನ್ನು ಬಿಡುವ ಮೊದಲು ಬಿಲ್ಲಿನ ಬೇರೆ ತಪ್ಪುಗಳನ್ನು ತೆಗೆದುಹಾಕಬೇಕು. ಡ್ಯಾಕ್ರಾನ್ ಹೆದೆ ಬಳಸುತ್ತಾ ಸಡಿಲವಾಗುತ್ತದೆ. ಬಿಲ್ಲಿಗೂ ಹೆದೆಗೂ ನಡುವಿನ ಅಂತರ ಕಡಿಮೆಯಾಗಿತ್ತು. ಹೆದೆಗೆ ಕೆಲವು ಸುತ್ತು ಕೊಟ್ಟು 8 ಇಂಚಿಗೆ ತಂದೆವು. ಬಾಣ ಸಿಕ್ಕಿಸುವ ಗುರುತನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಬಾಲ ಮೇಲೆ ಕೆಳಗೆ ಕುಣಿಯುವುದನ್ನು ಮೊದಲು ನಿಲ್ಲಿಸಿದೆವು. ಎಡಬಲದ ಮಾತು ಆಮೇಲೆ.

ಸುರಕ್ಷತೆಯ ಒಂದು ಮಾತು. ಬೋಳು ಬಾಣ ಓರೆಯಾಗಿ ಚುಚ್ಚಿದರೆ ಕಾರ್ಬನ್ ಒಳಗೇ ಸೀಳಬಹುದು. ಪ್ರತಿ ಸಲ ಬಿಡುವ ಮೊದಲು ಕಡ್ಡಿಯನ್ನು ಕೈಯಲ್ಲಿ ಮೆಲ್ಲಗೆ ಬಾಗಿಸಿ, ತಿರುಗಿಸಿ, ಕಿರ್ ಎನ್ನುವ ಸದ್ದು ಬರುತ್ತದೋ ಕೇಳಬೇಕು. ಸದ್ದು ಬಂದರೆ ಆ ಕಡ್ಡಿ ಮುರಿದು ಬಿಸಾಡಬೇಕು. ಸೀಳಿದ ಕಾರ್ಬನ್ ಬಾಣ ಬಿಡುವಾಗಲೇ ಒಡೆದು ಬಿಲ್ಲು ಹಿಡಿದ ಕೈಗೆ ಚುಚ್ಚುತ್ತದೆ. ಇದರಲ್ಲಿ ಉದಾಸೀನ ಬೇಡವೇ ಬೇಡ.

ಬಲಗೈಯವರಿಗೆ ಬೋಳು ಬಾಣ ಗರಿಯ ಬಾಣಗಳಿಗಿಂತ ಬಲಕ್ಕೆ ಬಿದ್ದರೆ ಕಡ್ಡಿ ಮೆದು, ಎಡಕ್ಕೆ ಬಿದ್ದರೆ ಗಟ್ಟಿ. ಎಡಗೈಯವರಿಗೆ ಇದು ತಿರುಗುಮುರುಗು. ಹತ್ತು ಮೀಟರಿನಿಂದ ಸುಮ ಬಿಟ್ಟಳು. 400ರ ಬೋಳು ಬಾಣ ಬಲಕ್ಕೇ ಬಿತ್ತು. ಪುಸ್ತಕದ ಪ್ರಕಾರ ಮೆದು! ಆದರೆ ಅಳತೆ ಬೇರೆಯೇ ಹೇಳುತ್ತಿತ್ತು. 33 ಪೌಂಡಿನ ತಳ್ಳಿಗೆ 400 ಅಷ್ಟು ಸುಲಭಕ್ಕೆ ಮೆದು ಆಗುವುದಿಲ್ಲ. ಆ 'ಟಕ್' ಸದ್ದು ಬೇರೆ ಇತ್ತು.

ಕಡ್ಡಿಯ ಹಿಂದಿನ ಭಾಗಕ್ಕೂ ಶೆಲ್ಫಿನ ಪಕ್ಕದ ತೊಗಲಿಗೂ ಮುಖಕ್ಕೆ ಹಚ್ಚುವ ಪೌಡರ್ ಹಚ್ಚಿದೆವು. ಒಂದು ಬಾಣ ಬಿಟ್ಟು ನೋಡಿದರೆ ತೊಗಲಿನ ಮೇಲೆ ಪೌಡರ್ ಉಜ್ಜಿಹೋಗಿತ್ತು, ಕಡ್ಡಿಯ ಬಾಲದ ಹತ್ತಿರ ಸ್ಪಷ್ಟ ಗೀರು. ಗಟ್ಟಿ ಕಡ್ಡಿ ಸಾಕಷ್ಟು ಬಾಗದೆ, ಬಾಲ ಬಿಲ್ಲಿಗೆ ಬಡಿದು ಎಡಕ್ಕೆ ಪುಟಿಯುತ್ತಿತ್ತು. ನೋಡುವವರಿಗೆ ಅದು ಮೆದು ಕಡ್ಡಿಯ ಲಕ್ಷಣದ ಹಾಗೆಯೇ ಕಾಣುತ್ತದೆ.

ಇನ್ನೊಂದು ಸಾಕ್ಷಿ ಬೇಕಿತ್ತು. ಅದೇ 400 ಕಡ್ಡಿಗೆ 250 ಗ್ರೇನಿನ ಮೊನೆ ಹಾಕಿದೆವು. ಕಡ್ಡಿ ನಿಜಕ್ಕೂ ಮೆದುವಾಗಿದ್ದರೆ ಭಾರ ಏರಿದಾಗ ಹಾರಾಟ ಇನ್ನೂ ಕೆಡಬೇಕು. ಕೆಡಲಿಲ್ಲ. ಸದ್ದು ಕಡಿಮೆಯಾಯಿತು, ಬೋಳು ಬಾಣ ಗರಿಯ ಬಾಣಗಳ ಹತ್ತಿರ ಬಂತು. ಅಲ್ಲಿಗೆ ಅನುಮಾನ ಮುಗಿಯಿತು. 340 ತರಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಹುಡುಗಿಯ ಧೈರ್ಯವೂ ಹೋಗುತ್ತಿತ್ತು.

ತೀರ್ಮಾನ

ಈಗ ಎದುರಿಗೆ ಎರಡು ದಾರಿ. ಮಾಷ್ಟ್ರ ಮಾತು, "400ಕ್ಕೆ 250 ಹಾಕಿದರೆ ಆಯಿತಲ್ಲ, ಕಡ್ಡಿ ಇದ್ದೇ ಇದೆ." ಖರ್ಚಿನ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ ಒಟ್ಟು ತೂಕ ನೋಡಿ. ಕಡ್ಡಿ, ಮೊನೆ, ಗರಿ, ನಾಕ್ (ಹೆದೆಗೆ ಸಿಕ್ಕಿಸುವ ಹಿಂದಿನ ತುಂಡು) ಸೇರಿ 530 ಗ್ರೇನಿನ ಆಸುಪಾಸು. 33 ಪೌಂಡಿನ ಬಿಲ್ಲಿಗೆ ಪೌಂಡಿಗೆ 16 ಗ್ರೇನ್ ಬರುತ್ತದೆ. 20 ಮೀಟರಿಗೆ ನಡೆಯುತ್ತದೆ. 30 ಮೀಟರಿಗೆ ಹೋದರೆ ಮೊನೆಯನ್ನು ಗುರಿಗಿಂತ ಮೇಲೆ, ಬರೀ ಗಾಳಿಯಲ್ಲಿ ಹಿಡಿಯಬೇಕಾಗುತ್ತದೆ. ಸುಮ ಭಾರದ ಮೊನೆ ಬಯಸಿದ್ದೇ ಕಣ್ಣಿಗೆ ನಿಲ್ಲಲು ಒಂದು ಜಾಗ ಬೇಕೆಂದು. ಒಂದು ದೂರದಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಕಳೆದುಕೊಂಡರೆ ಏನು ಬಂತು? ಅವಳೇ ಬೇಡ ಎಂದಳು.

500 ಸ್ಪೈನಿನ ಕಡ್ಡಿ ತರಿಸಿದೆವು. ಈ ಸಲ ಕತ್ತರಿಸದೆ, ಬಂದ 32 ಇಂಚಿನಲ್ಲೇ ಒಂದೇ ಒಂದು ಬೋಳು ಕಡ್ಡಿಗೆ 200 ಗ್ರೇನ್ ಹಾಕಿ ಶುರು ಮಾಡಿದೆವು. ಬಲಕ್ಕೆ ಬಿತ್ತು. ಪೌಡರಿನಲ್ಲಿ ಗೀರಿಲ್ಲ, ಟಕ್ ಸದ್ದಿಲ್ಲ. ಅಂದರೆ ಇದು ನಿಜವಾದ ಮೆದು. ಹಿಂದಿನ ತುದಿಯಿಂದ ಕಾಲು ಇಂಚು ಕತ್ತರಿಸುವುದು, ಬಿಡುವುದು, ನೋಡುವುದು. ಮೊನೆಯ ಕಡೆ ಅಂಟಿಸಿದ ಇನ್ಸರ್ಟ್ (ಮೊನೆ ತಿರುಗಿಸಿ ಹಾಕುವ ತುಂಡು) ಇರುವುದರಿಂದ ನಾಕ್ ಕಡೆಯಿಂದ ಕತ್ತರಿಸುವುದೇ ಸುಲಭ. ಕತ್ತರಿಸಿದ ಕಡ್ಡಿಯನ್ನು ಮತ್ತೆ ಉದ್ದ ಮಾಡಲು ಬರುವುದಿಲ್ಲ, ಅದಕ್ಕೇ ಕಾಲು ಇಂಚಿಗಿಂತ ಜಾಸ್ತಿ ಒಮ್ಮೆಗೆ ಬೇಡ. ದಣಿದ ಕೈಯ ಬಾಣವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದಣಿವಾದಾಗ ಆ ದಿನಕ್ಕೆ ಮುಗಿಸಿದೆವು.

ಗರಿಗೂ ತೂಕ ಇದೆ. ಬಾಲದಲ್ಲಿ ತೂಕ ಸೇರಿದರೆ ಕಡ್ಡಿ ಸ್ವಲ್ಪ ಗಟ್ಟಿಯ ಹಾಗೆ ನಡೆಯುತ್ತದೆ. ಅದಕ್ಕೆ ಬೋಳು ಕಡ್ಡಿಯ ಬಾಲಕ್ಕೆ ಗರಿಯಷ್ಟೇ ತೂಕದ ಇನ್ಸುಲೇಷನ್ ಟೇಪ್ ಸುತ್ತಿದೆವು. 30 ಇಂಚು ದಾಟಿ ಸ್ವಲ್ಪ ಇರುವಾಗ ಬೋಳು ಬಾಣ ಗರಿಯ ಬಾಣಗಳ ಪಕ್ಕದಲ್ಲೇ, ಕೂದಲೆಳೆಯಷ್ಟು ಬಲಕ್ಕೆ ನಿಂತಿತು. ಅಲ್ಲಿಗೆ ನಿಲ್ಲಿಸಿದೆವು. ಉಳಿದ ಕಡ್ಡಿಗಳನ್ನು ಅದೇ ಅಳತೆಗೆ ಕತ್ತರಿಸಿದ್ದು ಆಮೇಲೆ.

ಏನಾಯಿತು

4 ಇಂಚಿನ ಗರಿಯೇ ಸಾಕಾಯಿತು. ಮಳೆಯಲ್ಲೂ ಬಾಣ ನೇರ ಹೋಗುತ್ತದೆ. ಬಾಣದ ತೂಕದ ನಡುಬಿಂದು ಮೊದಲು ಉದ್ದದ ಮಧ್ಯದಿಂದ ಸುಮಾರು ಶೇಕಡಾ 14ರಷ್ಟು ಮುಂದಿತ್ತು, ಈಗ 22ರ ಹತ್ತಿರ. 20 ಮೀಟರಿನಲ್ಲಿ ಸುಮ ಮೊನೆಯನ್ನು ಗುರಿ ಕಾಗದದ ಕೆಳ ಅಂಚಿಗೆ ಹಿಡಿಯುತ್ತಾಳೆ, ಅವಳು ಬಯಸಿದ್ದೂ ಅದನ್ನೇ. ಬಿಲ್ಲಿನ ಸದ್ದೂ ಇಳಿದಿದೆ. ಬೆರಳು ಬಿಡುವುದನ್ನು ಮತ್ತೆ ಯಾರೂ ತಿದ್ದಲಿಲ್ಲ. ಬಾಣ ಹೊಂದಿದ ಮೇಲೆ ಕೈ ತಾನಾಗಿ ಸಡಿಲಾಯಿತು.

ಹಿಂತಿರುಗಿ ನೋಡಿದರೆ ನನಗೆ ಮುಖ್ಯ ಅನ್ನಿಸುವುದು ಕ್ರಮ. ಮೊನೆ ಬದಲಾದ ದಿನವೇ ತೊಂದರೆ ಶುರುವಾಗಿತ್ತು. ಆ ದಿನ ಹಳೆಯ 100 ಗ್ರೇನಿನ ಮೊನೆ ಮತ್ತೆ ಹಾಕಿ ಒಂದು ಸುತ್ತು ಬಿಟ್ಟಿದ್ದರೆ, ಬಾಣ ನೇರ ಹೋಗುತ್ತಿತ್ತು, ಕೈಯ ಮೇಲಿನ ಅನುಮಾನ ಅಲ್ಲೇ ಮುಗಿಯುತ್ತಿತ್ತು. ಹೊಸ ಕಡ್ಡಿ ಕೊಳ್ಳಲು ಆಗದವರಿಗೆ ಬೇರೆ ದಾರಿಗಳೂ ಇವೆ. 200ರ ಬದಲು 145, 150 ಗ್ರೇನಿಗೆ ಇಳಿಯಬಹುದು. ಉದ್ದ ಉಳಿದಿದ್ದರೆ ಕಡ್ಡಿ ಕತ್ತರಿಸಬಹುದು, ಆದರೆ ಪೂರ್ತಿ ಎಳೆದಾಗ ಮೊನೆ ಬಿಲ್ಲಿನ ಮುಂದೆಯೇ ಇರುವಷ್ಟು ಉಳಿಸಲೇಬೇಕು. ಸ್ವಲ್ಪವೇ ಮೆದು ಇದ್ದರೆ ಶೆಲ್ಫಿನ ಪಕ್ಕಕ್ಕೆ ಇನ್ನೊಂದು ಪದರ ತೊಗಲು ಅಂಟಿಸಿದರೂ ಸಾಕಾಗುತ್ತದೆ. ಬಾಣ ಬಿಲ್ಲಿನಿಂದ ಆಚೆ ಸರಿದಷ್ಟು ಗಟ್ಟಿ ಕಡ್ಡಿಯ ಹಾಗೆ ನಡೆಯುತ್ತದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

400ರ ಕಡ್ಡಿಗಳನ್ನು ಸುಮ ಎತ್ತಿಟ್ಟಿದ್ದಾಳೆ. ಭುಜ ಗಟ್ಟಿಯಾದ ಮೇಲೆ 40 ಪೌಂಡಿನ ಲಿಂಬ್ ಹಾಕುವ ಯೋಚನೆ ಇದೆ. ಆಗ ಅವಳ 27 ಇಂಚಿನ ಎಳೆತವೂ ಮಾಷ್ಟ್ರ ಈಗಿನ ತಳ್ಳಿನ ಹತ್ತಿರ ಬರುತ್ತದೆ. ಆ ದಿನ 400ಕ್ಕೆ 200 ಗ್ರೇನಿನ ಮೊನೆ ಹಾಕಿ, ಗರಿ ಇಲ್ಲದೆ, ಪೌಡರ್ ಹಚ್ಚಿ, ಹತ್ತು ಮೀಟರಿನಿಂದಲೇ ಶುರು ಮಾಡುವುದು ಎಂದು ಮಾತಾಡಿಕೊಂಡಿದ್ದೇವೆ.